ಎಳೆಸಸಿ ಸೊಪ್ಪು: ಬುತ್ತಿ ಬೀಜದಲ್ಲೇ ಇದೆ

ಪೇಟೆಯ ದೊಡ್ಡ ಹೋಟೆಲುಗಳಲ್ಲಿ ಊಟದ ತಟ್ಟೆಯ ಮೇಲೆ ಅಂದಕ್ಕೆಂದು ಉದುರಿಸುತ್ತಿದ್ದ ಎಳೆಸಸಿಗಳು ಈಗ ಹಳ್ಳಿಯ ಮಾತಿನಲ್ಲೂ ಸೇರಿಕೊಂಡಿವೆ. ‘ಮೈಕ್ರೋಗ್ರೀನ್’ ಎಂಬ ಹೆಸರಿನ ವಿಡಿಯೋಗಳು ಹಳ್ಳಿ ಹುಡುಗರ ಮೊಬೈಲಿಗೆ ದಿನವೂ ಬರುತ್ತಿವೆ. ಒಂದು ಕೋಣೆ, ನಾಲ್ಕು ಕಪಾಟು, ಹತ್ತು ದಿನದ ಬೆಳೆ, ತಿಂಗಳಿಗೆ ಲಕ್ಷ ರೂಪಾಯಿ ಎಂಬುದೇ ಅವುಗಳ ಪಲ್ಲವಿ. ತರಬೇತಿಗೆ ಒಂದು ಶುಲ್ಕ, ಬೀಜಕ್ಕೆ ಒಂದು ದರ, ‘ವಿಶೇಷ’ ಹಾಸಿನ ಚೀಲಕ್ಕೆ ಒಂದು ದರ, ಮೇಲೆ ಚಿಮುಕಿಸುವ ಪೋಷಕ ದ್ರಾವಣಕ್ಕೆ ಇನ್ನೊಂದು ದರ.

ಕೃಷಿ ಕಚೇರಿಗೆ ಬರುವ ರೈತರು ಈ ಬಗ್ಗೆ ಮುಖ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಮನೆಯಲ್ಲಿ ಬೆಳೆದುಕೊಳ್ಳಬಹುದೇ, ಯಾವುದರಲ್ಲಿ ಬೆಳೆಯಬೇಕು ಎಂಬುದು ಒಂದು. ದುಡ್ಡು ಹಾಕಿ ಇದನ್ನೇ ಕಸುಬು ಮಾಡಿಕೊಳ್ಳಬಹುದೇ ಎಂಬುದು ಇನ್ನೊಂದು. ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ: ಧಾರಾಳವಾಗಿ ಬೆಳೆಯಿರಿ, ಖರ್ಚೂ ಹೆಚ್ಚಿಲ್ಲ. ಎರಡನೆಯದಕ್ಕೆ ಕೈಯಲ್ಲಿ ಪೆನ್ಸಿಲು ಹಿಡಿದು ಲೆಕ್ಕ ಹಾಕಿಯೇ ಉತ್ತರಿಸಬೇಕಾಗುತ್ತದೆ. ಎರಡಕ್ಕೂ ಬುಡದಲ್ಲಿರುವ ಸಂಗತಿ ಒಂದೇ. ಅದನ್ನು ತಿಳಿದುಕೊಂಡ ರೈತ ಮೋಸಹೋಗುವ ಸಂಭವ ಕಡಿಮೆ.

ಇದು ಹೊಸದೇನಲ್ಲ

ಬೀಜ ಮೊಳೆತು ಎರಡು ಬೀಜದಳಗಳು ಬಿಚ್ಚಿಕೊಂಡು, ಮೊದಲ ನಿಜ ಎಲೆ ಇಣುಕುವ ಹೊತ್ತಿಗೆ ಬುಡದ ಮೇಲಕ್ಕೆ ಕತ್ತರಿಸಿದ ಸಸಿಯೇ ಮೈಕ್ರೋಗ್ರೀನ್. ನಾವು ಇದನ್ನು ಎಳೆಸಸಿ ಸೊಪ್ಪು ಎನ್ನೋಣ. ಮೊಳಕೆಕಾಳಿಗೂ ಇದಕ್ಕೂ ವ್ಯತ್ಯಾಸವಿದೆ. ಮೊಳಕೆಕಾಳನ್ನು ಎರಡು ಮೂರು ದಿನದಲ್ಲಿ ಬೇರು, ಬೀಜ ಸಮೇತ ತಿನ್ನುತ್ತೇವೆ. ಎಳೆಸಸಿಯನ್ನು ಬೆಳಕಿಗಿಟ್ಟು, ಏಳರಿಂದ ಹದಿನೈದು ದಿನ ಬೆಳೆಸಿ, ಬೇರನ್ನು ಬಿಟ್ಟು ಕೊಯ್ಯುತ್ತೇವೆ.

ನವರಾತ್ರಿಯ ಘಟಸ್ಥಾಪನೆಯಲ್ಲಿ ಎಲೆಯ ಮೇಲೆ ಮಣ್ಣು ಹರಡಿ ಧಾನ್ಯ ಬಿತ್ತುವ ಪದ್ಧತಿ ಉತ್ತರ ಕರ್ನಾಟಕದ ಮನೆಗಳಲ್ಲಿದೆ. ಮದುವೆ, ದೇವರ ಉತ್ಸವಗಳ ಅಂಕುರಾರ್ಪಣೆಯಲ್ಲಿ ಪಾಲಿಕೆಗಳಿಗೆ ನವಧಾನ್ಯ ಹಾಕುವುದೂ ಇದೇ ಕೆಲಸ. ಒದ್ದೆ ಗೋಣಿತಟ್ಟಿನಲ್ಲಿ ನೂರು ಬೀಜ ಸುತ್ತಿಟ್ಟು ಎಷ್ಟು ಮೊಳೆತವು ಎಂದು ಎಣಿಸುವ ರೈತನೂ ಅರ್ಧ ದಾರಿ ಬಂದವನೇ. ಹೊಸತಾಗಿರುವುದು ಅದನ್ನು ತಿನ್ನುವ ರೂಢಿ ಮತ್ತು ಅದಕ್ಕೆ ಕಟ್ಟಿರುವ ಬೆಲೆ.

ಬುತ್ತಿ ಎಲ್ಲಿದೆ?

ಬಯಲುಸೀಮೆಯಿಂದ ಊರಿಗೆ ಹೊರಟವನು ಬುತ್ತಿ ಕಟ್ಟಿಕೊಂಡು ಹೊರಡುವಂತೆ, ಪ್ರತಿ ಬೀಜವೂ ತನ್ನ ಮೊದಲ ಕೆಲವು ದಿನಗಳ ಆಹಾರವನ್ನು ಒಳಗೇ ಇಟ್ಟುಕೊಂಡಿರುತ್ತದೆ. ಹಿಟ್ಟು, ಎಣ್ಣೆ, ಸಸಾರಜನಕ, ಸುಣ್ಣ, ಕಬ್ಬಿಣ ಎಲ್ಲವೂ ಅದರಲ್ಲಿವೆ. ನೀರು, ಗಾಳಿ, ಹದವಾದ ಬೆಚ್ಚನೆ ಸಿಕ್ಕ ಕೂಡಲೇ ಬೀಜ ಈ ಬುತ್ತಿಯನ್ನು ಬಿಚ್ಚಿ ಬೇರು, ಕಾಂಡ, ಬೀಜದಳ ಕಟ್ಟಿಕೊಳ್ಳುತ್ತದೆ. ಬೆಳಕು ಬಿದ್ದ ಮೇಲೆ ಬೀಜದಳ ಹಸಿರಾಗಿ ತಾನೂ ಒಂದಿಷ್ಟು ಆಹಾರ ತಯಾರಿಸುತ್ತದೆ. ನೆಲದ ಗೊಬ್ಬರದ ಅಗತ್ಯ ಬೀಳುವುದು ಬುತ್ತಿ ಮುಗಿದ ನಂತರ, ಅಂದರೆ ನಿಜ ಎಲೆಗಳು ಬಂದ ಮೇಲೆ. ಅಷ್ಟರಲ್ಲಿ ನಾವು ಸಸಿಯನ್ನು ಕೊಯ್ದಾಗಿರುತ್ತದೆ.

ಅಂದಮೇಲೆ ಬೆಳೆಸುವ ಹಾಸು ಮಾಡಬೇಕಾದ ಕೆಲಸ ಮೂರೇ ಮೂರು. ತೇವ ಹಿಡಿದಿಡಬೇಕು; ಬೇರಿಗೆ ಗಾಳಿ ಸಿಗುವಂತಿರಬೇಕು; ರೋಗಾಣು, ಉಪ್ಪು, ವಿಷ ಇಲ್ಲದೆ ಚೊಕ್ಕಟವಾಗಿರಬೇಕು. ಪೌಷ್ಟಿಕಾಂಶ ಒದಗಿಸುವುದು ಅದರ ಕೆಲಸವಲ್ಲ. ಹತ್ತು ದಿನದ ಸಸಿಗೆ ದುಬಾರಿ ದ್ರಾವಣ ಮಾರುವವರು ಊಟ ಮುಗಿಸಿ ಎದ್ದವನಿಗೆ ಎರಡನೇ ಎಲೆ ಹಾಕಿ ದುಡ್ಡು ಕೇಳಿದಂತೆ ಮಾಡುತ್ತಾರೆ. ಸೂರ್ಯಕಾಂತಿಯಂಥ ಸಸಿಗಳನ್ನು ಎರಡು ವಾರಕ್ಕೂ ಮೀರಿ ಬೆಳೆಸುವವರಿಗೆ ಮಾತ್ರ ಸ್ವಲ್ಪ ಗೊಬ್ಬರದ ಸಾರ ಬೇಕಾದೀತು.

ಯಾವ ಹಾಸು, ಯಾರಿಗೆ?

ಈಗ ಒಂದೊಂದೇ ಹಾಸನ್ನು ಮೇಲಿನ ಮೂರು ಅಳತೆಗಳಿಂದ ತೂಗಿ ನೋಡೋಣ.

ಗೋಣಿತಟ್ಟು: ಹಿತ್ತಲಲ್ಲೇ ಸಿಗುತ್ತದೆ. ಗೊಬ್ಬರ, ಔಷಧಿ ತುಂಬಿದ್ದ ಚೀಲ ಖಂಡಿತ ಬೇಡ. ಪ್ಲಾಸ್ಟಿಕ್ ಚೀಲವೂ ಉಪಯೋಗಕ್ಕೆ ಬಾರದು. ಧಾನ್ಯ ತುಂಬಿದ್ದ ಸೆಣಬಿನ ಚೀಲವನ್ನು ತೊಳೆದು, ಕುದಿಯುವ ನೀರಿನಲ್ಲಿ ಅದ್ದಿ, ಬಿಸಿಲಿಗೆ ಒಣಗಿಸಿ ಎರಡು ಪದರ ಹಾಸಬೇಕು. ಮೆಂತ್ಯ, ಸಾಸಿವೆ, ಮೂಲಂಗಿ ಚೆನ್ನಾಗಿ ಬರುತ್ತವೆ. ಕೊಯ್ದ ಸೊಪ್ಪಿಗೆ ಮಣ್ಣು ಅಂಟುವುದಿಲ್ಲ. ಬೇಗ ಒಣಗುವುದು ಇದರ ದೋಷ. ಬೇಸಿಗೆಯಲ್ಲಿ ದಿನಕ್ಕೆ ಮೂರು ಬಾರಿಯಾದರೂ ನೀರು ಚಿಮುಕಿಸಬೇಕು.

ಹತ್ತಿ ಬಟ್ಟೆ ಮತ್ತು ಕಾಗದ: ಸಣ್ಣ ಬೀಜಗಳಿಗೆ, ಮಕ್ಕಳಿಗೆ ತೋರಿಸುವುದಕ್ಕೆ ಒಳ್ಳೆಯದು. ಅಚ್ಚಾದ ವೃತ್ತಪತ್ರಿಕೆ ಹಾಸಬೇಡಿ. ಶಾಯಿ ತಿನ್ನುವ ಪದಾರ್ಥದ ಹತ್ತಿರ ಇರತಕ್ಕದ್ದಲ್ಲ. ನೀರು ಹೆಚ್ಚಾದರೆ ಗಾಳಿಯಾಡದೆ ಬೇರು ಕೊಳೆಯುತ್ತದೆ.

ಮರಳು: ಗಾಳಿ ಚೆನ್ನಾಗಿ ಆಡುತ್ತದೆ, ತೇವ ನಿಲ್ಲುವುದಿಲ್ಲ. ತೊಳೆದ ನಯ ಮರಳನ್ನು ಒಂದು ಅಂಗುಲ ಹರಡಿ, ಕೆಳಗೆ ತಟ್ಟೆಯಲ್ಲಿ ನೀರು ಇಟ್ಟರೆ ಸಾಗುತ್ತದೆ. ಸೊಪ್ಪಿನಲ್ಲಿ ಹರಳು ಸಿಕ್ಕಿ ಊಟ ಕೆಡುವುದೂ ಉಂಟು.

ಮಣ್ಣು: ಎಲ್ಲಕ್ಕಿಂತ ಅಗ್ಗ, ಎಲ್ಲ ಬೀಜಗಳಿಗೂ ಒಗ್ಗುತ್ತದೆ. ಎರೆಮಣ್ಣು ಒಣಗಿದಾಗ ಗಟ್ಟಿಯಾಗುತ್ತದೆ. ಕೆಂಪು ಮಣ್ಣು ಎರಡು ಪಾಲು, ಪೂರ್ತಿ ಕಳಿತ ಎರೆಗೊಬ್ಬರ ಒಂದು ಪಾಲು ಜರಡಿಯಾಡಿ ಬೆರೆಸುವುದು ಲೇಸು. ಬೆರೆಸುವ ಮೊದಲು ಮಣ್ಣನ್ನು ಒದ್ದೆ ಮಾಡಿ ಪ್ಲಾಸ್ಟಿಕ್ ಹಾಳೆ ಹೊದಿಸಿ ಕಡು ಬೇಸಿಗೆಯ ಬಿಸಿಲಿನಲ್ಲಿ ನಾಲ್ಕೈದು ವಾರ ಬಿಟ್ಟರೆ ಬುಡಕೊಳೆಯ ಶಿಲೀಂಧ್ರಗಳು ಬಹುಮಟ್ಟಿಗೆ ಸಾಯುತ್ತವೆ. ಹಸಿ ಸಗಣಿ, ಅರೆಕಳಿತ ಕೊಟ್ಟಿಗೆ ಗೊಬ್ಬರ, ಜೀವಾಮೃತಗಳನ್ನು ಮಾತ್ರ ಇಲ್ಲಿ ತರಕೂಡದು. ಹೊಲದ ಬೆಳೆಗೆ ಅವು ಒಳ್ಳೆಯವೇ. ಆದರೆ ಹತ್ತು ದಿನದಲ್ಲಿ ಕೊಯ್ದು ಹಸಿಯಾಗಿ ತಿನ್ನುವ ಸೊಪ್ಪಿನ ಬುಡದಲ್ಲಿ ಅವು ಹೊಟ್ಟೆ ರೋಗಕ್ಕೆ ದಾರಿ.

ಕೋಕೋಪೀಟ್: ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ತೆಂಗಿನಕಾಯಿ ಮಟ್ಟೆಯಲ್ಲಿ ನಾರು ಸುಮಾರು ಮೂರನೇ ಒಂದು ಪಾಲು. ಉಳಿದದ್ದು ನಾರುಗಳ ನಡುವಿನ ಪುಡಿ. ಹಿಂದೆ ಇದನ್ನು ರಸ್ತೆ ಬದಿಯಲ್ಲಿ ಸುರಿದು ಬೆಂಕಿ ಇಡುತ್ತಿದ್ದರು. ಇಂದು ಭಾರತದಿಂದ ಹೊರದೇಶಕ್ಕೆ ಹೋಗುವ ತೆಂಗಿನ ನಾರಿನ ಪದಾರ್ಥಗಳಲ್ಲಿ ದೊಡ್ಡ ಪಾಲು ಈ ಪುಡಿಯದೇ. ತನ್ನ ತೂಕದ ಏಳೆಂಟು ಪಟ್ಟು ನೀರು ಹಿಡಿದಿಡುವ, ಆದರೂ ಗಾಳಿ ಬಿಡುವ ಗುಣ ಇದಕ್ಕಿದೆ. ಎಳೆಸಸಿಗೆ ಇದು ನಿಜಕ್ಕೂ ಉತ್ತಮ ಹಾಸು.

ಇದರ ದೋಷ ಉಪ್ಪು. ಮಟ್ಟೆಯಲ್ಲಿ ಸಹಜವಾಗಿಯೇ ಪೊಟ್ಯಾಸಿಯಂ, ಸೋಡಿಯಂ ಕ್ಲೋರೈಡ್‌ಗಳಿವೆ. ಕರಾವಳಿಯ ಹಿನ್ನೀರಿನಲ್ಲಿ ಕೊಳೆಹಾಕಿದ ಮಟ್ಟೆಯಾದರೆ ಇನ್ನೂ ಹೆಚ್ಚು. ಜೊತೆಗೆ ಒಗರಿನ ಟ್ಯಾನಿನ್ ಇದೆ. ತೊಳೆಯದ ಪುಡಿಯಲ್ಲಿ ಬಿತ್ತಿದರೆ ಬೀಜ ಅರೆಬರೆ ಮೊಳೆತು ತುದಿ ಸುಟ್ಟಂತಾಗುತ್ತದೆ. ಪುಡಿಯನ್ನು ಬಕೆಟ್ಟಿನಲ್ಲಿ ನೆನೆಸಿ, ಮರುದಿನ ಹಿಂಡಿ, ಹೊಸ ನೀರು ಹಾಕಬೇಕು. ಹೊರಬರುವ ನೀರು ಕಾಫಿ ಬಣ್ಣದಿಂದ ತಿಳಿ ಚಹಾದ ಬಣ್ಣಕ್ಕೆ ಇಳಿಯುವ ತನಕ ಮೂರು ನಾಲ್ಕು ಸಲ ಹೀಗೆ ಮಾಡಿ. ಆ ಬಗ್ಗಡವನ್ನು ಕೆರೆ, ಬಾವಿಯ ಕಡೆಗೆ ಹರಿಯಗೊಡಬೇಡಿ.

ತಿಪಟೂರು, ಅರಸೀಕೆರೆ ಸೀಮೆಯ ರೈತರು ಇಲ್ಲೊಂದು ವಿಚಿತ್ರ ಗಮನಿಸಬಹುದು. ತೋಟದಲ್ಲಿ ಮಟ್ಟೆಯನ್ನು ಲೋಡಿನ ಲೆಕ್ಕದಲ್ಲಿ ಅಗ್ಗಕ್ಕೆ ಕೊಡುತ್ತೇವೆ. ಅದೇ ಮಟ್ಟೆಯ ಪುಡಿ ಇಟ್ಟಿಗೆಯಾಗಿ, ಬಣ್ಣದ ಹೊದಿಕೆ ತೊಟ್ಟು ಬಂದಾಗ ಕಿಲೋ ಲೆಕ್ಕದಲ್ಲಿ ಕೊಳ್ಳುತ್ತೇವೆ. ಹತ್ತಿರದ ನಾರಿನ ಕಾರ್ಖಾನೆಯಿಂದ ಹಳೆಯ ಪುಡಿ ತಂದು ಮನೆಯಲ್ಲೇ ತೊಳೆದುಕೊಂಡರೆ ಸಾಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಪುಡಿಯನ್ನು ಹುದುಗಿಸಿ ಸಸಿ ಬೆಳೆಸಲು ಹದಗೊಳಿಸುವ ವಿಧಾನ ರೂಪಿಸಿದ್ದಾರೆ. ಅದು ‘ಅರ್ಕಾ ಹುದುಗಿಸಿದ ಕೋಕೋಪೀಟ್’ ಎಂದು ಹೆಸರಾಗಿದೆ. ನಾರಿನ ಘಟಕ ನಡೆಸುವ ಸಂಘಗಳು, ಯುವಕರು ಅಲ್ಲಿ ವಿಚಾರಿಸುವುದು ಲೇಸು. ಸೊಪ್ಪು ವಾರದಲ್ಲಿ ಬಾಡಿಹೋಗುತ್ತದೆ. ಚೆನ್ನಾಗಿ ತೊಳೆದು ಒಣಗಿಸಿದ ಪುಡಿ ಬಾಡುವುದಿಲ್ಲ. ತರಕಾರಿ ಸಸಿ ಬೆಳೆಸುವ ನರ್ಸರಿಗಳಿಗೆಲ್ಲ ಅದು ಬೇಕು.

ಮನೆಯಲ್ಲಿ ಮಾಡುವ ಕ್ರಮ

ಒಂದು ಚದರಡಿ ತಟ್ಟೆಗೆ ಬೇಕಾಗುವ ಬೀಜ ಸುಮಾರಾಗಿ ಹೀಗೆ: ಸಾಸಿವೆ 10 ಗ್ರಾಂ, ಮೂಲಂಗಿ 20 ಗ್ರಾಂ, ಮೆಂತ್ಯ 25 ಗ್ರಾಂ, ಹೆಸರುಕಾಳು 50 ಗ್ರಾಂ. ಬೀಜದ ಮೇಲೆ ಬೀಜ ಕೂರುವಷ್ಟು ದಟ್ಟವಾಗಿ ಬಿತ್ತಿದರೆ ಬೂಷ್ಟು ಬರುತ್ತದೆ.

ಮೆಂತ್ಯ, ಮೂಲಂಗಿ, ಹೆಸರನ್ನು ತೊಳೆದು ಆರೆಂಟು ಗಂಟೆ ನೆನೆಸಿ. ಸಾಸಿವೆ, ದಂಟಿನ ಬೀಜಗಳನ್ನು ಹಾಗೆಯೇ ಬಿತ್ತಬಹುದು. ಕೊತ್ತಂಬರಿಯನ್ನು ಉಜ್ಜಿ ಎರಡು ಹೋಳು ಮಾಡಿ ಹಾಕಬೇಕು. ಅದಕ್ಕೆ ಎರಡು ಮೂರು ವಾರ ತಾಳ್ಮೆ ಬೇಕು. ತಟ್ಟೆಯ ತಳದಲ್ಲಿ ನೀರು ಬಸಿಯಲು ತೂತುಗಳಿರಲಿ. ಹಾಸನ್ನು ಒಂದು ಅಂಗುಲ ಹರಡಿ, ನೀರು ಚಿಮುಕಿಸಿ, ಬೀಜ ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ. ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಎರಡು ಮೂರು ದಿನ ಕತ್ತಲಲ್ಲಿಡಿ. ಮೊಳಕೆ ಎದ್ದ ಮೇಲೆ ಮುಚ್ಚಳ ತೆಗೆದು ಜಗಲಿಯಲ್ಲೋ ಕಿಟಕಿಯ ಬಳಿಯೋ ಬೆಳಕು ಬೀಳುವಲ್ಲಿಡಿ. ಮಧ್ಯಾಹ್ನದ ಉರಿಬಿಸಿಲು ಬೇಡ. ಆಮೇಲೆ ನೀರನ್ನು ಮೇಲಿಂದ ಸುರಿಯದೆ ಕೆಳಗಿನ ತಟ್ಟೆಗೆ ಹಾಕಿ. ದಿನಕ್ಕೆ ಒಂದೆರಡು ಲೋಟ ಸಾಕು.

ಮೂರನೆಯ ದಿನ ಬೇರಿನ ಸುತ್ತ ಬಿಳಿ ನವಿರು ಕಂಡರೆ ಗಾಬರಿ ಬೇಡ. ನೀರು ಚಿಮುಕಿಸಿ ನೋಡಿ. ನವಿರು ಅಡಗಿದರೆ ಅದು ಬೇರಿನ ರೋಮ. ಜೇಡರ ಬಲೆಯಂತೆ ಸಸಿಯಿಂದ ಸಸಿಗೆ ಹಬ್ಬಿ, ಕಮಟು ವಾಸನೆ ಬಂದರೆ ಅದು ಬೂಷ್ಟು. ಇಡೀ ತಟ್ಟೆಯನ್ನು ತಿಪ್ಪೆಗೆ ಹಾಕಿ. ಏಳರಿಂದ ಹತ್ತು ದಿನಕ್ಕೆ ಹರಿತವಾದ ಕತ್ತರಿಯಿಂದ ಬುಡದ ಅರ್ಧ ಅಂಗುಲ ಮೇಲೆ ಕೊಯ್ದು, ತೊಳೆದು, ಅಂದೇ ಬಳಸಿ. ಬೀಜದ ತೂಕದ ನಾಲ್ಕೈದು ಪಟ್ಟು ಹಸಿಸೊಪ್ಪು ಸಿಕ್ಕರೆ ತೃಪ್ತಿಪಡಬಹುದು.

ಈ ಎಚ್ಚರಿಕೆಗಳನ್ನು ಮರೆಯಬಾರದು

ಮೊದಲನೆಯದು, ಬಿತ್ತನೆ ಬೀಜ. ಕೆಂಪು, ಹಸಿರು, ನೀಲಿ ಬಣ್ಣ ಬಳಿದ ಬೀಜ ಥೈರಾಮ್, ಕ್ಯಾಪ್ಟಾನ್, ಇಮಿಡಾಕ್ಲೋಪ್ರಿಡ್‌ನಂಥ ವಿಷಗಳಿಂದ ಉಪಚರಿಸಿದ್ದು. ಹೊಲಕ್ಕೆ ಉಳಿದ ಸೂರ್ಯಕಾಂತಿ, ಮುಸುಕಿನ ಜೋಳದ ಬೀಜವನ್ನು ತಟ್ಟೆಗೆ ಹಾಕಿ ತಿಂದರೆ ಆ ವಿಷ ನೇರ ಹೊಟ್ಟೆಗೆ ಹೋಗುತ್ತದೆ. ತೊಳೆದರೆ ಹೋಗುತ್ತದೆಂದು ನಂಬಬೇಡಿ. ಅಡುಗೆಗೆಂದು ಮಾರುವ ಕಾಳನ್ನೇ ಆರಿಸಿ, ಮೊಳಕೆ ಪರೀಕ್ಷೆ ಮಾಡಿಕೊಳ್ಳಿ. ನೂರಕ್ಕೆ ಎಂಬತ್ತೈದಕ್ಕಿಂತ ಕಡಿಮೆ ಮೊಳೆತರೆ ಬೇಡ. ಮೊಳೆಯದ ಬೀಜವೇ ಕೊಳೆತು ಬೂಷ್ಟಿನ ತವರಾಗುತ್ತದೆ.

ಎರಡನೆಯದು, ತಿನ್ನಬಾರದ ಸಸಿಗಳು. ಎಳೆ ಜೋಳದ ಮೇವು ತಿಂದು ದನ ಸತ್ತದ್ದನ್ನು ನಮ್ಮ ರೈತರು ಕಂಡಿದ್ದಾರೆ. ಎಳೆ ಜೋಳದಲ್ಲಿ ಸೈನೈಡ್ ವಿಷ ಹುಟ್ಟುತ್ತದೆ. ಆದ್ದರಿಂದ ಜೋಳದ ಎಳೆಸಸಿ ಬೇಡ. ಟೊಮೆಟೊ, ಬದನೆ, ಮೆಣಸಿನಕಾಯಿ ಸಸಿಗಳೂ ಬೇಡ. ರಾಜ್ಮಾವನ್ನು ಹಸಿಯಾಗಿ ಯಾವ ರೂಪದಲ್ಲೂ ತಿನ್ನಬಾರದು.

ಮೂರನೆಯದು, ಶುಚಿತ್ವ. 1996ರಲ್ಲಿ ಜಪಾನಿನ ಸಕಾಯ್ ನಗರದಲ್ಲಿ ಸಾವಿರಾರು ಶಾಲಾ ಮಕ್ಕಳು ಇ. ಕೋಲಿ ಎಂಬ ರೋಗಾಣುವಿನಿಂದ ಕಾಯಿಲೆ ಬಿದ್ದರು. ಊಟದಲ್ಲಿದ್ದ ಮೂಲಂಗಿ ಮೊಳಕೆಯ ಮೇಲೆ ಸಂಶಯ ಬಿತ್ತು. 2011ರಲ್ಲಿ ಜರ್ಮನಿಯಲ್ಲಿ ಅದೇ ಜಾತಿಯ ರೋಗಾಣು ಸುಮಾರು 4,000 ಜನರನ್ನು ಮಲಗಿಸಿ, 50ಕ್ಕೂ ಹೆಚ್ಚು ಜನರ ಪ್ರಾಣ ತೆಗೆಯಿತು. ತನಿಖೆಯ ಜಾಡು ಮೊಳಕೆ ಬೆಳೆಯುವ ಒಂದು ತೋಟಕ್ಕೂ, ಅಲ್ಲಿಂದ ಈಜಿಪ್ಟಿನಿಂದ ತರಿಸಿದ ಮೆಂತ್ಯದ ಬೀಜಕ್ಕೂ ಹೋಯಿತು. ಎರಡೂ ಕಡೆ ಇದ್ದದ್ದು ಮೊಳಕೆ, ಎಳೆಸಸಿಯಲ್ಲ. ಬೇರು, ಬೀಜ ಬಿಟ್ಟು ಬೆಳಕಿನಲ್ಲಿ ಬೆಳೆದ ಸೊಪ್ಪು ಕೊಯ್ಯುವುದರಿಂದ ಇಲ್ಲಿ ಅಪಾಯ ಕಡಿಮೆ. ಇಲ್ಲವೇ ಇಲ್ಲ ಎನ್ನುವಂತಿಲ್ಲ. ಕುಡಿಯಲು ಯೋಗ್ಯವಾದ ನೀರನ್ನೇ ಹಾಕಿ. ತಟ್ಟೆ, ಕತ್ತರಿಗಳನ್ನು ಪ್ರತಿ ಸಲ ಕುದಿನೀರಿನಿಂದ ತೊಳೆಯಿರಿ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ, ವಯಸ್ಸಾದವರಿಗೆ ಕೊಡುವಾಗ ಕುದಿಯುವ ಸಾರಿಗೆ ಹಾಕಿ ಬೇಯಿಸಿಯೇ ಕೊಡಿ.

ಪೌಷ್ಟಿಕತೆಯ ಮಾತು ಎಷ್ಟು ನಿಜ?

‘ನಲವತ್ತು ಪಟ್ಟು ಸತ್ವ’ ಎಂಬ ಘೋಷಣೆ ಎಲ್ಲ ಪೊಟ್ಟಣದ ಮೇಲೂ ಇದೆ. ಇದರ ಮೂಲ 2012ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಮತ್ತು ಅಲ್ಲಿನ ಕೃಷಿ ಇಲಾಖೆಯ ವಿಜ್ಞಾನಿಗಳು 25 ಬಗೆಯ ಎಳೆಸಸಿಗಳ ಮೇಲೆ ಮಾಡಿದ ಪರೀಕ್ಷೆ. ಹಲವು ಸಸಿಗಳಲ್ಲಿ ಜೀವಸತ್ವಗಳು ಬಲಿತ ಎಲೆಗಿಂತ ಹೆಚ್ಚಿದ್ದವು. ನಲವತ್ತು ಪಟ್ಟು ಎಂಬುದು ಕೆಂಪು ಕೋಸಿನ ಸಸಿಯಲ್ಲಿನ ಒಂದೇ ಒಂದು ಜೀವಸತ್ವದ ಮಾತು. ಅದನ್ನು ಎಲ್ಲ ಸಸಿಗೂ, ಎಲ್ಲ ಸತ್ವಕ್ಕೂ ಅಂಟಿಸುವುದು ವ್ಯಾಪಾರದ ಜಾಣ್ಮೆ.

ಇನ್ನೊಂದು ಲೆಕ್ಕವೂ ಇದೆ. ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ ದಿನಕ್ಕೆ ಸೊಪ್ಪು, ತರಕಾರಿ ಸೇರಿ 400 ಗ್ರಾಂ ಬೇಕು. ಮೆಂತ್ಯದ ಒಂದು ಚದರಡಿ ತಟ್ಟೆಯ 100 ಗ್ರಾಂ ಸೊಪ್ಪನ್ನು ನಾಲ್ವರ ಮನೆಯಲ್ಲಿ ಹಂಚಿದರೆ ತಲೆಗೆ 25 ಗ್ರಾಂ. ಇದು ಊಟಕ್ಕೆ ಸೇರುವ ಒಂದು ಹಿಡಿಯೇ ಹೊರತು ಊಟವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಆ ಕೊರತೆಯನ್ನು ಒಂದು ಹಿಡಿ ಎಳೆಸಸಿ ನೀಗದು. ಹಿತ್ತಲ ನುಗ್ಗೆ, ಬದುವಿನ ಬೆರಕೆ ಸೊಪ್ಪು, ದಂಟು, ರಾಗಿ, ಕಾಳುಗಳ ಜಾಗವನ್ನು ಇದಕ್ಕೆ ಬಿಟ್ಟುಕೊಡಬಾರದು.

ಹಾಗಾದರೆ ಇದರ ನಿಜವಾದ ಉಪಯೋಗ ಯಾವಾಗ? ಸೊಪ್ಪು ಸಿಗದ ಕಾಲದಲ್ಲಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಅಂಥ ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿದ ಊರಿನಲ್ಲಿ ಸೊಪ್ಪಿನ ಮಡಿ ಎಲ್ಲಿಂದ ಬರಬೇಕು? ದಿನಕ್ಕೆ ಎರಡು ಲೋಟ ನೀರಿನಲ್ಲಿ ಅಡುಗೆಮನೆಯ ಮೂಲೆಯಲ್ಲೇ ಹಸಿರು ಕಾಣಬಹುದು ಎಂಬುದು ಒಣಬೇಸಾಯದ ಮನೆಗೆ ಸಣ್ಣ ಮಾತಲ್ಲ. ಮೂರು ತಟ್ಟೆಗಳನ್ನು ಮೂರು ದಿನಕ್ಕೊಂದರಂತೆ ಬಿತ್ತುತ್ತ ಹೋದರೆ ವಾರಕ್ಕೆರಡು ಸಲ ಸೊಪ್ಪು ಸಿಗುತ್ತದೆ.

ಮಾರಾಟದ ಲೆಕ್ಕ

ಮಣ್ಣಿಲ್ಲದೆ ಮೇವು ಬೆಳೆಯುವ ತಟ್ಟೆಗಳು ಹಳ್ಳಿಗೆ ಬಂದದ್ದು ಹಲವರಿಗೆ ನೆನಪಿರಬೇಕು. ಒಂದು ಕಿಲೋ ಮುಸುಕಿನ ಜೋಳದಿಂದ ಎಂಟು ದಿನದಲ್ಲಿ ಆರೇಳು ಕಿಲೋ ಹಸಿರು ಮೇವು ಎಂದಾಗ ಎಲ್ಲರೂ ಬೆರಗಾದರು. ಒಣಗಿಸಿ ತೂಗಿದರೆ ಒಂದು ಕಿಲೋಗಿಂತ ಹೆಚ್ಚಲ್ಲ, ಹೆಚ್ಚಿದ್ದೆಲ್ಲ ನೀರು. ಎಳೆಸಸಿಯ ಕಥೆಯೂ ಅದೇ. ಹಸಿ ತೂಕದಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರಿರುತ್ತದೆ. ಗಿರಾಕಿ ಬೆಲೆ ಕೊಡುವುದು ತಾಜಾತನಕ್ಕೆ, ರುಚಿಗೆ, ಅಂದಕ್ಕೆ. ತಾಜಾತನ ಹೋದರೆ ಬೆಲೆಯೂ ಹೋಯಿತು.

ದಿನಕ್ಕೆ 5 ಕಿಲೋ ಬೆಳೆದಿರಿ ಎನ್ನೋಣ. ಕೋಣೆ, ಕಪಾಟು ಇದ್ದವರಿಗೆ ಇದೇನೂ ಕಷ್ಟವಲ್ಲ. 50 ಗ್ರಾಂ ಪೊಟ್ಟಣದಂತೆ ಅದು ದಿನಕ್ಕೆ 100, ವಾರಕ್ಕೆ 700 ಪೊಟ್ಟಣ. ಒಂದು ಮನೆ ವಾರಕ್ಕೆ ಎರಡು ಪೊಟ್ಟಣ ಕೊಂಡರೂ 350 ಖಾಯಂ ಮನೆಗಳು ಬೇಕು. ನಿಮ್ಮ ತಾಲ್ಲೂಕು ಪೇಟೆಯಲ್ಲಿ ಅಂಥ 350 ಮನೆಗಳ ಹೆಸರು ಬರೆಯಬಲ್ಲಿರಾ? ಬೆಂಗಳೂರಿಗೆ ಕಳಿಸುವುದಾದರೆ ಕೊಯ್ದ ಗಳಿಗೆಯಿಂದ ಮಾರುವ ತನಕ ತಂಪಿನಲ್ಲಿಡಬೇಕು. ಕರೆಂಟು ಹೋದ ಒಂದು ಮಧ್ಯಾಹ್ನ ಸಾಕು, ಸೊಪ್ಪು ತಿಪ್ಪೆ ಸೇರಲು. ಬೆಂಗಳೂರಿನೊಳಗೇ ಇದ್ದು, ಬೆಳಿಗ್ಗೆ ಕೊಯ್ದು ಮಧ್ಯಾಹ್ನಕ್ಕೆ ಹೋಟೆಲಿಗೆ ಮುಟ್ಟಿಸುವವರ ಜೊತೆ ನೂರು ಮೈಲಿ ದೂರದ ಹಳ್ಳಿಯವರು ಪೈಪೋಟಿ ಮಾಡಬೇಕಾಗುತ್ತದೆ.

ವೆನಿಲ್ಲಾದ ಪಾಠವನ್ನು ಮಲೆನಾಡಿನವರು ಮರೆತಿರಲಾರರು. 2000ದಲ್ಲಿ ಮಡಗಾಸ್ಕರಿಗೆ ಚಂಡಮಾರುತ ಬಡಿದ ಮೇಲೆ ಬೆಲೆ ಏರಿತು. 2003ರ ಹೊತ್ತಿಗೆ ಹಸಿ ಕೋಡಿನ ಕಿಲೋ ಬೆಲೆ ಸಾವಿರಗಳಲ್ಲಿತ್ತು; ಬಳ್ಳಿಯ ತುಂಡಿಗೂ ಚಿನ್ನದ ಬೆಲೆ. ಒಂದೆರಡು ವರ್ಷದಲ್ಲಿ ಎಲ್ಲ ಕುಸಿಯಿತು. ಬಳ್ಳಿ ಮಾರಿದವರು ಗೆದ್ದರು, ಬೆಳೆದವರು ಸೋತರು. ಹೊಸ ಬೆಳೆ ಬಂದಾಗಲೆಲ್ಲ ಬೆಳೆ ಮಾರಿ ಬದುಕುವವರು ಯಾರು, ಬೀಜ ಮತ್ತು ತರಬೇತಿ ಮಾರಿ ಬದುಕುವವರು ಯಾರು ಎಂದು ಮೊದಲು ನೋಡಬೇಕು.

ಹಣ ಕಟ್ಟುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಐದು:

1. ನಿಮ್ಮ ಆದಾಯದಲ್ಲಿ ಸೊಪ್ಪಿನ ಮಾರಾಟದ್ದೆಷ್ಟು, ತರಬೇತಿ ಮತ್ತು ಸಾಮಾನು ಮಾರಾಟದ್ದೆಷ್ಟು?

2. ನೀವೇ ವಾಪಸು ಕೊಳ್ಳುವುದಾದರೆ ದರ, ಪ್ರಮಾಣ, ಹಣ ಕೊಡುವ ದಿನ ಇವು ಛಾಪಾ ಕಾಗದದ ಮೇಲಿವೆಯೇ?

3. ಸೊಪ್ಪು ಚೆನ್ನಾಗಿಲ್ಲವೆಂದು ತಿರಸ್ಕರಿಸುವ ಅಧಿಕಾರ ಯಾರದು? ನಷ್ಟ ಯಾರಿಗೆ?

4. ಬೀಜ, ಹಾಸುಗಳನ್ನು ನಿಮ್ಮಲ್ಲೇ ಕೊಳ್ಳಬೇಕೆಂಬ ಕಟ್ಟಳೆ ಏಕೆ?

5. ಒಂದು ವರ್ಷದಿಂದ ನಿಮಗೆ ಸೊಪ್ಪು ಕೊಡುತ್ತಿರುವ ಮೂವರು ಬೆಳೆಗಾರರ ಮನೆಗೆ ಹೋಗಿ ಬರಬಹುದೇ?

ಐದಕ್ಕೂ ನೆಟ್ಟಗೆ ಉತ್ತರ ಬಂದರೆ ಮುಂದಿನ ಮಾತು ಆಡಬಹುದು. ಬಾರದಿದ್ದರೆ ಹಣ ಜೇಬಿನಲ್ಲೇ ಇರಲಿ. ಪೇಟೆಯ ಅಂಚಿನಲ್ಲಿರುವವರು, ಈಗಾಗಲೇ ವಾರದ ಗಿರಾಕಿಗಳಿಗೆ ತರಕಾರಿ ಮುಟ್ಟಿಸುತ್ತಿರುವವರು ಹತ್ತಾರು ಪೊಟ್ಟಣಗಳಿಂದ ಆರಂಭಿಸಿ ನೋಡಬಹುದು. ಕೇಳಿಕೆ ಬಂದಷ್ಟೇ ಬಿತ್ತಬೇಕು; ಬಿತ್ತಿದ ಮೇಲೆ ಗಿರಾಕಿಯನ್ನು ಹುಡುಕಲು ಈ ಬೆಳೆ ಸಮಯ ಕೊಡುವುದಿಲ್ಲ.

ಉಳಿದವರು ಈ ವಾರ ಒಂದು ಕೆಲಸ ಮಾಡಿ. ಅಡುಗೆಮನೆಯ ಡಬ್ಬಿಯಿಂದ ಒಂದು ಹಿಡಿ ಮೆಂತ್ಯ ತೆಗೆದುಕೊಂಡು ಅರ್ಧವನ್ನು ಗೋಣಿತಟ್ಟಿನ ಮೇಲೂ, ಇನ್ನರ್ಧವನ್ನು ಜರಡಿಯಾಡಿದ ಮಣ್ಣಿನಲ್ಲೂ ಬಿತ್ತಿ. ಹತ್ತನೆಯ ದಿನ ಎರಡನ್ನೂ ಕೊಯ್ದು ತೂಗಿ ನೋಡಿ. ನಿಮ್ಮ ಮನೆಯ ನೀರಿಗೆ, ನಿಮ್ಮ ಊರಿನ ಬಿಸಿಲಿಗೆ ಯಾವ ಹಾಸು ಹೊಂದುತ್ತದೆಂದು ಆ ತಕ್ಕಡಿಯೇ ಹೇಳುತ್ತದೆ.